ಗೆಳತಿಯ ಹಬ್ಬಕ್ಕೆ ಕಿತ್ತಳೆ–ಬಾದಾಮಿ ಕೇಕ್

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನೆರೆಮನೆಯ ಯೆಹೂದಿ ಗೆಳತಿ ಪಾಸೋವರ್ ಹಬ್ಬದ ಮೊದಲ ರಾತ್ರಿಯ ಸೇಡರ್ ಊಟಕ್ಕೆ ನಮ್ಮ ಮನೆಯವರನ್ನೆಲ್ಲ ಕರೆದಿದ್ದಾಳೆ. ಅವಳೇ ಬರೆದುಕೊಟ್ಟ ಕೇಕಿನ ವಿಧಾನದಲ್ಲಿ ಎರಡು ಕಿತ್ತಳೆ, ಆರು ಮೊಟ್ಟೆ, 250 ಗ್ರಾಂ ಬಾದಾಮಿ ಪುಡಿ, 250 ಗ್ರಾಂ ಸಕ್ಕರೆ, ಒಂದು ಟೀ ಚಮಚ ಬೇಕಿಂಗ್ ಪೌಡರ್ ಇಷ್ಟೇ ಇವೆ. ಅದನ್ನು ನಾನೇ ಮಾಡಿಕೊಂಡು ಹೋಗಬೇಕೆಂದಿದ್ದೇನೆ. ಮೈದಾ ಇಲ್ಲದ ಕೇಕ್ ಕುಸಿಯಬಾರದೆಂದು ಒಂದು ಹಿಡಿ ಚಿರೋಟಿ ರವೆ, ರುಚಿಗೆಂದು ಬೆಣ್ಣೆ ಮತ್ತು ವೆನಿಲ್ಲಾ ಸೇರಿಸಬಹುದೆ? ನಮ್ಮ ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲ, ಅವರಿಗಾಗಿ ಏನು ಮಾಡಲಿ?

ಉತ್ತರ: ಮೂರನ್ನೂ ಸೇರಿಸಬೇಡಿ. ನಿಮ್ಮ ಗೆಳತಿ ಬರೆದುಕೊಟ್ಟ ವಿಧಾನದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಮುಖ್ಯ.

ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಪಡೆದ ಪೂರ್ವಿಕರು, ಹಿಟ್ಟು ಹುದುಗುವವರೆಗೂ ಕಾಯಲಾಗದೆ ಅವಸರದಲ್ಲಿ ಹೊರಟರು ಎಂಬುದರ ನೆನಪಿಗಾಗಿ ಯೆಹೂದಿಗಳು ಈ ಹಬ್ಬದಲ್ಲಿ ಹುದುಗಿದ ಧಾನ್ಯವನ್ನು ತಿನ್ನುವುದಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಇಸ್ರೇಲಿನಲ್ಲಿ ಏಳು ದಿನ, ಹೊರನಾಡುಗಳಲ್ಲಿ ಸಾಮಾನ್ಯವಾಗಿ ಎಂಟು ದಿನ ಈ ನಿಯಮ ನಡೆಯುತ್ತದೆ. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಎಂಬ ಐದು ಧಾನ್ಯಗಳ ಹಿಟ್ಟು ನೀರಿನೊಡನೆ ಸೇರಿ 18 ನಿಮಿಷ ಸುಮ್ಮನೆ ಕುಳಿತರೆ ಹುದುಗು ಬಂದಂತೆ ಎಂಬುದು ಅವರ ಲೆಕ್ಕ. ಅದಕ್ಕೇ ಹಬ್ಬದ ಮಾತ್ಸಾ ರೊಟ್ಟಿಯನ್ನು ಕಲಸಿದ ಕೂಡಲೇ ಲಟ್ಟಿಸಿ ಆ ಅವಧಿಯೊಳಗೆ ಬೇಯಿಸಿಬಿಡುತ್ತಾರೆ. ಚಿರೋಟಿ ರವೆ ಗೋಧಿಯದೇ ಆದ್ದರಿಂದ ಒಂದು ಹಿಡಿ ಬಿದ್ದರೂ ಆ ಕೇಕನ್ನು ಅವರು ಮುಟ್ಟುವಂತಿಲ್ಲ. ಕೇಕಿನ ತಟ್ಟೆಗೆ ಎಣ್ಣೆ ಸವರಿ ಮೈದಾ ಉದುರಿಸುವ ಅಭ್ಯಾಸ ನಮ್ಮ ಕೈಗಳಿಗೆ ಎಷ್ಟು ರೂಢಿಯಾಗಿದೆಯೆಂದರೆ ಯೋಚಿಸುವ ಮೊದಲೇ ಅದು ನಡೆದುಹೋಗುತ್ತದೆ. ಇಲ್ಲಿ ಮೈದಾದ ಬದಲು ಬಾದಾಮಿ ಪುಡಿಯನ್ನೇ ಉದುರಿಸಿ.

ಸೇಡರ್ ಊಟದಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ, ಮಾಂಸದೊಡನೆ ಹಾಲಿನ ಪದಾರ್ಥವನ್ನು ಅವರು ಬೆರೆಸುವುದಿಲ್ಲ; ಬೆಣ್ಣೆ ಬೇಡವೆಂದದ್ದು ಅದಕ್ಕೆ. ವೆನಿಲ್ಲಾ ಎಸೆನ್ಸಿನಲ್ಲಿರುವ ಆಲ್ಕೋಹಾಲ್ ಧಾನ್ಯದಿಂದ ಬಂದದ್ದಿರಬಹುದು. ಬೇಕಿಂಗ್ ಪೌಡರ್ ಯೀಸ್ಟಿನಂತೆ ನಿಷಿದ್ಧವಲ್ಲ, ಆದರೆ ಅದರಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ. ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯೆಹೂದಿಗಳಲ್ಲಿ ಮೆಕ್ಕೆಜೋಳ, ಅಕ್ಕಿ, ಬೇಳೆಕಾಳುಗಳನ್ನೂ ಈ ದಿನಗಳಲ್ಲಿ ಬಿಡುವ ಸಂಪ್ರದಾಯವಿದೆ. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ ಹಲವರು ಅವನ್ನು ತಿನ್ನುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 2015ರಲ್ಲಿ ಅಶ್ಕೆನಾಜಿಗಳಿಗೂ ಅನುಮತಿ ಕೊಟ್ಟಿತಾದರೂ ಎಲ್ಲ ಮನೆಗಳೂ ಅದನ್ನು ಒಪ್ಪಿಲ್ಲ. ಆಲೂಗಡ್ಡೆಯ ಪಿಷ್ಟ ಬೆರೆಸಿದ, ಪಾಸೋವರ್ ಗುರುತುಳ್ಳ ಬೇಕಿಂಗ್ ಪೌಡರ್ ನಿಮ್ಮೂರಿನ ಅಂಗಡಿಗಳಲ್ಲಿ ಹಬ್ಬಕ್ಕೆ ಮೊದಲು ಸಿಗುತ್ತದೆ, ಅದನ್ನೇ ತನ್ನಿ.

ಇನ್ನು ನೀವು ಕೇಳದಿದ್ದರೂ ನಾನು ಹೇಳಲೇಬೇಕಾದ ಮಾತೊಂದಿದೆ. ಸಾಮಗ್ರಿಗಳೆಲ್ಲ ಸರಿಯಿದ್ದರೂ, ವರ್ಷವಿಡೀ ಬ್ರೆಡ್ಡು ಚಪಾತಿ ಕಂಡ ಒಲೆ ಪಾತ್ರೆಗಳಲ್ಲಿ ಬೆಂದ ಕೇಕನ್ನು ಕಟ್ಟುನಿಟ್ಟಿನ ಮನೆಯಲ್ಲಿ ಬಡಿಸುವಂತಿಲ್ಲ. ನಮ್ಮ ಅಜ್ಜಿಯರು ಮಡಿ ಅಡುಗೆಗೆಂದು ಬೇರೆ ಪಾತ್ರೆ ಇಟ್ಟಿದ್ದಂತೆ ಅವರಲ್ಲಿ ಅನೇಕರು ಹಬ್ಬಕ್ಕೆಂದೇ ಬೇರೆ ಪಾತ್ರೆ ತೆಗೆದಿಟ್ಟಿರುತ್ತಾರೆ. ನಿಮ್ಮ ಗೆಳತಿ ಎಷ್ಟು ನಿಷ್ಠೆಯಿಂದ ಆಚರಿಸುತ್ತಾಳೆಂಬುದನ್ನು ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೇಳದೆ ಒಯ್ದು, ಅವಳು ಒಲ್ಲೆನೆನ್ನಲಾಗದೆ ಕಷ್ಟಪಡುವುದು ನಿಜವಾದ ಮುಜುಗರ. ಆಚರಣೆ ಕಟ್ಟುನಿಟ್ಟಾಗಿದ್ದರೆ ಅವಳ ಅಡುಗೆಮನೆಯಲ್ಲಿ ಅವಳ ಪಾತ್ರೆಗಳಲ್ಲೇ ಮಾಡಿಕೊಡುವುದಾಗಿ ಹೇಳಿ. ಹಬ್ಬದ ಹಿಂದಿನ ದಿನ ಯಾವ ಗೃಹಿಣಿಗೂ ಅಂಥ ಸಹಾಯ ಬೇಡವಾಗುವುದಿಲ್ಲ.

ಕೇಕಿನ ವಿಷಯದಲ್ಲಿ ಭಯಪಡಬೇಡಿ. 1492ರಲ್ಲಿ ಸ್ಪೇನ್ ತೊರೆಯಬೇಕಾಗಿ ಬಂದು ಉತ್ತರ ಆಫ್ರಿಕ, ತುರ್ಕಿಗಳಲ್ಲಿ ನೆಲೆಸಿದ ಸೆಫಾರ್ದಿಗಳ ಪಾಕಪದ್ಧತಿಗೆ ಸೇರಿದ ಈ ಕೇಕಿಗೆ ಹಿಟ್ಟೇ ಬೇಕಿಲ್ಲ. ಕಿತ್ತಳೆಗಳನ್ನು ಸಿಪ್ಪೆಸಹಿತ ಇಡಿಯಾಗಿ ನೀರಿನಲ್ಲಿ ಮುಳುಗಿಸಿ ಒಂದೂವರೆಯಿಂದ ಎರಡು ಗಂಟೆ, ಚಾಕು ತಡೆಯಿಲ್ಲದೆ ಇಳಿಯುವಷ್ಟು ಬೇಯಿಸಿ. ಆರಿದ ಮೇಲೆ ಹೆಚ್ಚಿ ಒಂದು ಬೀಜವೂ ಉಳಿಯದಂತೆ ಆರಿಸಿ, ಬಳಿಕ ಸಿಪ್ಪೆಯೊಡನೆಯೇ ನುಣ್ಣಗೆ ರುಬ್ಬಿ. ಬೀಜ ಅರೆದರೆ ಕೇಕೆಲ್ಲ ಕಹಿ.

ಬಾದಾಮಿಯ ಮೇಲೆ ಕುದಿಯುವ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಚುಕಿದರೆ ಬಿಳಿಯ ಕಾಳು ಪುಟಕ್ಕನೆ ಜಾರಿ ಬರುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಅಳೆದಿಟ್ಟ ಸಕ್ಕರೆಯಲ್ಲೇ ಎರಡು ಚಮಚ ಸೇರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಓಡಿಸಿದರೆ ಎಣ್ಣೆ ಬಿಡದೆ ಸಣ್ಣ ರವೆಯಂತೆ ಉದುರುದುರಾಗಿ ಬರುತ್ತದೆ. ಒಂದೇ ಸಮನೆ ತಿರುಗಿಸಿದರೆ ಮುದ್ದೆ ಕಟ್ಟುತ್ತದೆ. ಮೊಟ್ಟೆ, ಸಕ್ಕರೆಗಳನ್ನು ನೊರೆ ಬರುವಂತೆ ಕಡೆದು ಮಿಕ್ಕದ್ದನ್ನೆಲ್ಲ ಕೂಡಿಸಿ, 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. 45 ನಿಮಿಷಕ್ಕೇ ಮೇಲ್ಭಾಗ ಕಪ್ಪಾಗತೊಡಗಿದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ನಡುವೆ ಸ್ವಲ್ಪ ತಗ್ಗಿದರೂ ಅದು ದೋಷವಲ್ಲ, ಈ ಕೇಕಿನ ಸ್ವಭಾವವೇ ಹಾಗೆ. ತಟ್ಟೆಯಲ್ಲೇ ಪೂರ್ತಿ ಆರಲು ಬಿಡಿ. ಮರುದಿನಕ್ಕೆ ಇದರ ರುಚಿ ಹೆಚ್ಚುತ್ತದೆ.

ಮೊಟ್ಟೆ ಬಿಟ್ಟು ಈ ಕೇಕ್ ಮಾಡಲು ಬರುವುದಿಲ್ಲ, ಏಕೆಂದರೆ ಇದನ್ನು ಹಿಡಿದು ನಿಲ್ಲಿಸುವುದೇ ಮೊಟ್ಟೆ. ಮೊಸರು ಹಾಕಿದರೆ ಹಾಲಿನ ತೊಡಕು, ಕಡಲೆಹಿಟ್ಟು ಹಾಕಿದರೆ ಬೇಳೆಯ ತೊಡಕು. ಅತ್ತೆಯವರಿಗೆ ಹಾಲು ತುಪ್ಪಗಳಿಲ್ಲದ ಬಾದಾಮಿ ಬರ್ಫಿ ಮಾಡಿ. ಸೆಫಾರ್ದಿಗಳ ಸಮಾರಂಭಗಳಲ್ಲೂ ಬಾದಾಮಿ, ಸಕ್ಕರೆಗಳ ಇಂಥದೇ ಸಿಹಿಯುಂಟು. ಅದೇ ಬಾದಾಮಿ ಪುಡಿ ಒಂದು ಬಟ್ಟಲು, ಸಕ್ಕರೆ ಮುಕ್ಕಾಲು ಬಟ್ಟಲು. ಒಂದೆಳೆ ಪಾಕಕ್ಕೆ ಪುಡಿ ಹಾಕಿ, ತಳ ಬಿಡುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ತಟ್ಟೆಗೆ ಸುರಿದು, ಬಿಸಿಯಾಗಿರುವಾಗಲೇ ಗೆರೆ ಎಳೆಯಿರಿ. ಏಲಕ್ಕಿ ಬೇಕೆನಿಸಿದರೆ ಡಬ್ಬಿಯ ಪುಡಿ ಬೇಡ. ಇಡೀ ಕಾಯನ್ನು ಗೆಳತಿಗೆ ತೋರಿಸಿ, ಅವಳು ಒಪ್ಪಿದರೆ ಅಲ್ಲೇ ಕುಟ್ಟಿ ಹಾಕಿ.