ಹೊಸ ಸ್ಪ್ರಿಂಗ್ ಹಾಕಿಸಿದರೂ ಕಾರು ಎಡಕ್ಕೆ ವಾಲುತ್ತಿದೆ. ಸ್ಪ್ರಿಂಗ್ ಸರಿ ಇದೆಯಾ ಅಂತ ಪರೀಕ್ಷಿಸುವುದು ಹೇಗೆ?

ಮುಂದಿನ ಎರಡೂ ಸ್ಪ್ರಿಂಗ್‌ಗಳ ಪಾರ್ಟ್ ನಂಬರ್ ಒಂದೇ, ನೆಲದ ಮೇಲೆ ನಿಲ್ಲಿಸಿ ಅಳೆದರೆ ಎತ್ತರವೂ ಒಂದೇ ಅಂತ ಬರೆದಿದ್ದೀರಿ. ನಿಮ್ಮ ಅಳತೆ ತಪ್ಪಿರಲಿಕ್ಕಿಲ್ಲ. ಆದರೆ ಖಾಲಿ ನಿಂತ ಸ್ಪ್ರಿಂಗನ್ನು ಅಳೆದರೆ ಸಾಲದು. ಕಾರಿನ ಭಾರ ಹೊತ್ತಾಗ ಅದು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅನ್ನೋದೇ ಮುಖ್ಯ.

ನಾನು ರ್‍ಯಾಲಿ ಕಾರುಗಳ ಸಸ್ಪೆನ್ಷನ್ ಕೆಲಸ ಮಾಡುತ್ತೇನೆ. ಹೈಡ್ರಾಲಿಕ್ ಪ್ರೆಸ್, ಅದರಡಿ ಲೋಡ್ ಸೆಲ್ (ಮೇಲೆ ಬಿದ್ದ ಭಾರ ತೋರಿಸುವ ಸಾಧನ), ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್, ಇಷ್ಟೇ ಬೇಕಾಗೋದು. ಹೊಸ ಸ್ಪ್ರಿಂಗನ್ನು ಮೊದಲು ಮೂರ್ನಾಲ್ಕು ಸಲ ಚೆನ್ನಾಗಿ ಒತ್ತಿ ಬಿಡುತ್ತೇನೆ. ಸ್ವಲ್ಪ ಕುಗ್ಗುವುದಿದ್ದರೆ ಅಲ್ಲೇ ಕುಗ್ಗಲಿ. ಆಮೇಲೆ 25 ಮಿ.ಮೀ. ಒತ್ತಿದಾಗಲೆಲ್ಲ ತೂಕ ಬರೆದುಕೊಳ್ಳುತ್ತೇನೆ. ಮೊದಲ 25 ಮಿ.ಮೀ. ಲೆಕ್ಕಕ್ಕಿಲ್ಲ, ತುದಿಯ ಸುತ್ತುಗಳು ಇನ್ನೂ ಕೂರುತ್ತಿರುತ್ತವೆ. ಅಲ್ಲಿಂದ ಪ್ರತಿ ಹೆಜ್ಜೆಗೂ 50 ಕೆ.ಜಿ. ಏರಿದರೆ ಅದು ಮಿ.ಮೀ.ಗೆ 2 ಕೆ.ಜಿ. ಸ್ಪ್ರಿಂಗ್. ಏರಿಕೆಯೇ ಹೆಚ್ಚುತ್ತಾ ಹೋದರೆ ಅದು ಪ್ರೋಗ್ರೆಸಿವ್ ಸ್ಪ್ರಿಂಗ್, ತಪ್ಪು ಅಂದುಕೊಳ್ಳಬೇಡಿ.

ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಬದಲಾಗುತ್ತದೆ. 12 ಮಿ.ಮೀ. ತಂತಿ 0.1 ಮಿ.ಮೀ. ಸಣ್ಣಗಿದ್ದರೆ ಸಾಕು, ಸ್ಪ್ರಿಂಗ್ ಸುಮಾರು ಶೇ. 3ರಷ್ಟು ಮೆತ್ತಗಾಗುತ್ತದೆ. ಮಿ.ಮೀ.ಗೆ 2 ಕೆ.ಜಿ. ಇರಬೇಕಾದ ಸ್ಪ್ರಿಂಗ್ ಹೀಗಾದರೆ, 250 ಕೆ.ಜಿ. ಹೊತ್ತಾಗ ಅದು 4 ಮಿ.ಮೀ. ಜಾಸ್ತಿ ಕುಗ್ಗುತ್ತದೆ. ಕಣ್ಣಿಗೆ ಎರಡೂ ಅವಳಿ-ಜವಳಿ, ಕಾರಿನಡಿ ಹೋದರೆ ಬೇರೆ ಬೇರೆ. ಅದಕ್ಕೇ ನಾನು ನಾಲ್ಕೈದು ಸ್ಪ್ರಿಂಗ್ ಒತ್ತಿ ನೋಡಿ, ಅದೇ ಭಾರಕ್ಕೆ ಅದೇ ಎತ್ತರಕ್ಕೆ ನಿಲ್ಲುವ ಎರಡನ್ನು ಜೋಡಿ ಮಾಡುತ್ತೇನೆ. ಎಷ್ಟೋ ಸ್ಪ್ರಿಂಗ್‌ಗಳ ಮೇಲೆ ಬಣ್ಣದ ಗುರುತು ಇರುತ್ತದೆ, ಅದು ಸುಮ್ನೆ ಹಾಕಿದ್ದಲ್ಲ, ಲೋಡ್ ಗುಂಪಿನ ಗುರುತು, ಅಂದರೆ ಭಾರ ಹೊತ್ತಾಗ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಲ್ಲುವವಕ್ಕೆ ಒಂದೇ ಬಣ್ಣ. ಕೊಳ್ಳುವಾಗ ಎರಡರದ್ದೂ ಒಂದೇ ಬಣ್ಣವಾ ನೋಡಿ.

ದಯವಿಟ್ಟು ಮನೆಯಲ್ಲಿ ಜಾಕ್ ಇಟ್ಟು ಒತ್ತಲು ಹೋಗಬೇಡಿ. ಬಾಗಿ ಸಿಡಿದರೆ ಕೈಯೇ ಹೋಗುತ್ತದೆ. ನಾವು ಕಬ್ಬಿಣದ ಪಂಜರದೊಳಗೆ ಇಟ್ಟೇ ಒತ್ತುತ್ತೇವೆ.

ಪ್ರೆಸ್ ಹುಡುಕುವ ಮುಂಚೆ ಒಂದು ಕೆಲಸ ಮಾಡಿಸಿ. ಟೈರ್ ಗಾಳಿ ಸಮ ಮಾಡಿ, ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್‌ವರೆಗೆ (ಚಕ್ರದ ಮೇಲಿನ ಬಾಡಿಯ ಅಂಚಿನವರೆಗೆ) ಅಳೆಯಿರಿ. ಸ್ಪ್ರಿಂಗಿನ ತುದಿ ಅದರ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಆಮೇಲೆ ಗ್ಯಾರೇಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿ ಮತ್ತೆ ಅಳೆಯಿರಿ. ತಗ್ಗು ಬಲಕ್ಕೆ ಬಂತಾ, ಸ್ಪ್ರಿಂಗ್ ಬದಲಿಸಿ. ಎಡದಲ್ಲೇ ಉಳಿಯಿತಾ, ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಾಡಿಗೆ ಹಿಡಿದಿಡುವ ಭಾಗ) ಮತ್ತು ಹಿಂದಿನ ಸ್ಪ್ರಿಂಗ್‌ಗಳನ್ನು ನೋಡಿಸಿ.