ಅಕ್ಕೋರಿಗೊಂದು ಪತ್ರ: ದಿಂಬು ಯಾರು ತಂದಿದ್ದು?

ಈ ಸಾರಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರ ಮಕ್ಕಳ ಭಕ್ತಿಯ ಬಗ್ಗೆಯೇ ಇವೆ. ಕಾರವಾರದ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಮೂವತ್ತೊಂದು ವರ್ಷ ಸಂಡೇ ಸ್ಕೂಲ್ ನಡೆಸಿದವಳು ನಾನು. ವಾರದ ಉಳಿದ ದಿನ ಕನ್ನಡ ಶಾಲೆಯಲ್ಲಿ ಒಂದನೇ, ಎರಡನೇ ತರಗತಿ. ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅಕ್ಕೋರೆ, ಹೋದ ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಚಿಕ್ಕವರಿಗೆ ಕಲಿಸುತ್ತಿದ್ದೇನೆ. ನಾಲ್ಕರಿಂದ ಏಳು ವರ್ಷದ 14 ಮಕ್ಕಳು. ಯಾರಿಗೆ ಎಷ್ಟು ಬೈಬಲ್ ವಚನ ಬಾಯಿಪಾಠ ಬರುತ್ತದೆ ಅಂತ ನೋಡಿ ವರ್ಷದ ಕೊನೆಗೆ ಬಹುಮಾನ ಕೊಡುತ್ತಾರೆ. ಮಕ್ಕಳು ಗಡಗಡ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ಮುಖ ಮುಖ ನೋಡುತ್ತಾರೆ. ಕಥೆ ಹೇಳಲು ಹೋದರೆ ಐದು ನಿಮಿಷವೂ ಕೂರುವುದಿಲ್ಲ. ನನ್ನ ತಪ್ಪು ಎಲ್ಲಿದೆ?
— ಒಬ್ಬ ಟೀಚರ್, ಅಂಕೋಲಾ

ತಂಗಿ, ನಾಲ್ಕು ವರ್ಷದ ಮಗು ಐದು ನಿಮಿಷ ಕೂತರೆ ಅದೇ ಜಾಸ್ತಿ. ಅದು ನಿನ್ನ ತಪ್ಪಲ್ಲ. ಬಾಯಿಪಾಠವೂ ತಪ್ಪಲ್ಲ. ನನ್ನ ತಾಯಿ ಕೊನೆಯ ದಿನಗಳಲ್ಲಿ ನಮ್ಮೆಲ್ಲರ ಹೆಸರು ಮರೆತಿದ್ದರು. ಚಿಕ್ಕಂದಿನಲ್ಲಿ ಕಲಿತ, ಬೈಬಲ್ಲಿನ ಇಪ್ಪತ್ತಮೂರನೆಯ ಕೀರ್ತನೆ ಮಾತ್ರ ಬಾಯಲ್ಲಿತ್ತು. ತೊಂದರೆ ಇರುವುದು ಆ ಬಹುಮಾನದಲ್ಲಿ. ಇದನ್ನು ನಾನು ಒಂದು ಮಗುವನ್ನು ನೋಯಿಸಿ ಕಲಿತೆ.

ಮೊದಲ ವರ್ಷಗಳಲ್ಲಿ ನಾನೂ ಗೋಡೆಗೆ ಚಾರ್ಟ್ ಅಂಟಿಸಿದ್ದೆ. ವಚನ ಒಪ್ಪಿಸಿದವರ ಹೆಸರಿನ ಮುಂದೆ ಬಂಗಾರದ ಬಣ್ಣದ ನಕ್ಷತ್ರ. ಮೀನುಗಾರರ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯ ಸಾಲು ಖಾಲಿಯೇ ಇತ್ತು. ಆರು ವರ್ಷ ಇರಬಹುದು. ಒಂದು ಭಾನುವಾರ ಅವಳನ್ನು ಎಲ್ಲರೆದುರು ನಿಲ್ಲಿಸಿ, ‘ಮನೆಯಲ್ಲಿ ಒಂದು ಸಲ ಓದೋಕೂ ಆಗಲಿಲ್ವಾ?’ ಅಂದೆ. ಅವಳು ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮುಂದಿನ ವಾರ ಬರಲಿಲ್ಲ. ಅದರಾಚೆ ವಾರವೂ ಇಲ್ಲ.

ಹುಡುಕಿಕೊಂಡು ಹೋದೆ. ಮನೆಯ ಮುಂದೆ ತಾರ್ಲೆ ಮೀನು ಒಣಗಲು ಹರಡಿತ್ತು. ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಗೆ ಕಾಯುತ್ತಿದ್ದಳು. ನಾನು ಕಲಿಸಿದ್ದ ಕಳೆದುಹೋದ ಕುರಿಮರಿಯ ಹಾಡು ಹಾಡುತ್ತಿದ್ದಳು. ಒಂದು ಸಾಲೂ ಬಿಟ್ಟಿರಲಿಲ್ಲ. ಕುರುಬ ಮರಿಯನ್ನು ಹುಡುಕುವ ಕಡೆ ಬಂದಾಗ ತಮ್ಮನ ಕಣ್ಣನ್ನು ಅಂಗೈಯಿಂದ ಮುಚ್ಚುತ್ತಿದ್ದಳು. ಆಮೇಲೆ ಕೈ ತೆಗೆದು, ‘ಸಿಕ್ತು!’ ಅನ್ನುತ್ತಿದ್ದಳು. ಕೂಸು ಪ್ರತಿ ಸಲವೂ ಕೇಕೆ ಹಾಕಿ ನಗುತ್ತಿತ್ತು. ಆ ಮನೆಯಲ್ಲಿ ಓದು ಬರುವವರು ಯಾರೂ ಇರಲಿಲ್ಲ. ಅವಳಿಗೆ ವಚನ ಓದಿ ಹೇಳುವವರು ಯಾರು? ನಾನು ಒಂದು ದಿನವೂ ಅದನ್ನು ವಿಚಾರಿಸಿರಲಿಲ್ಲ. ಅವಳ ತಾಯಿಯ ಎದುರೇ ಆ ಮಗುವಿನ ಹತ್ತಿರ ಕ್ಷಮೆ ಕೇಳಿದೆ. ಅವತ್ತೇ ಸಂಜೆ ಚಾರ್ಟ್ ತೆಗೆದೆ.

ಸಂಡೇ ಸ್ಕೂಲ್ ಹುಟ್ಟಿದ್ದೇ ಓದು ಬಾರದ ಮಕ್ಕಳಿಗಾಗಿ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವರು ಇದನ್ನು ಶುರು ಮಾಡಿದರು. ವಾರವಿಡೀ ದುಡಿಯುವ ಬಡ ಮಕ್ಕಳನ್ನು ಭಾನುವಾರ ಕೂರಿಸಿ ಅಕ್ಷರ ಕಲಿಸುತ್ತಿದ್ದರು. ಬೈಬಲ್ಲೇ ಪಾಠದ ಪುಸ್ತಕ. ಅಂಥ ಕಡೆ ಓದು ಬಾರದ ಮಗು ತಲೆ ತಗ್ಗಿಸಿ ನಿಲ್ಲುವಂತಾಗಬಾರದು, ಅಲ್ವಾ? ನಿಮ್ಮ ಸಭೆಯ ಹಿರಿಯರ ಹತ್ತಿರ ಹೋಗಿ ಕೇಳು. ಒಬ್ಬೊಬ್ಬರಿಗೆ ಬಹುಮಾನ ಬೇಡ, 14 ಮಕ್ಕಳೂ ಸೇರಿ ಒಂದು ಕೀರ್ತನೆಯನ್ನು ಸಭೆಯ ಮುಂದೆ ಹೇಳಲಿ ಅನ್ನು. ಒಪ್ಪುತ್ತಾರೆ.

ಇನ್ನು ಕಥೆ. ಒಂದು ಕಥೆಯನ್ನು ಒಂದೇ ವಾರಕ್ಕೆ ಮುಗಿಸಬೇಡ, ಮೂರು ವಾರ ಇಟ್ಟುಕೋ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಕ್ಕಳ ತಂದೆಯರು ಮನೆಯಲ್ಲಿರುತ್ತಾರೆ. ನಾನು ಆ ದಿನಗಳಿಗಾಗಿ ಕಾಯುತ್ತಿದ್ದೆ. ಒಂದು ವರ್ಷ ಬೋಟು ನಡೆಸುವ ತಾಂಡೇಲರೊಬ್ಬರನ್ನು ತರಗತಿಗೆ ಕರೆದೆ. ಬಿರುಗಾಳಿಗೆ ಸಿಕ್ಕ ಒಂದು ರಾತ್ರಿಯ ಬಗ್ಗೆ ಹೇಳಿ ಅಂದೆ. ಮೊದಲು ನಾಚಿದರು. ಆಮೇಲೆ ಶುರು ಮಾಡಿದರು. ಅಲೆ ಒಳಗೆ ಬಂದು ಬೋಟು ವಾಲಿದ್ದು, ಬಕೆಟ್ಟಿನಿಂದ ನೀರು ಎತ್ತಿ ಹಾಕಿದ್ದು, ಪಕ್ಕದವನು ಕೂಗಿದರೂ ಕೇಳದೇ ಹೋದದ್ದು. ಒಂದು ಮಗುವೂ ಅಲುಗಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ಆಮೇಲೆ ನಾನು ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ಓದಿದೆ. ಬಿರುಗಾಳಿ ಎದ್ದಿತ್ತು, ದೋಣಿ ತುಂಬುತ್ತಿತ್ತು, ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದರು.

ಐದು ವರ್ಷದ ಒಬ್ಬಳು ಕೈ ಎತ್ತಿದಳು. ‘ದಿಂಬು ಯಾರು ತಂದಿದ್ದು?’

ಈ ಕಥೆ ಮತ್ತಾಯ, ಲೂಕರ ಸುವಾರ್ತೆಗಳಲ್ಲೂ ಇದೆ. ದಿಂಬಿನ ಮಾತು ಮಾರ್ಕನೊಬ್ಬನಲ್ಲಿ ಮಾತ್ರ. ಎಷ್ಟೋ ಸಲ ಓದಿದ್ದ ನಾನು ಅಲ್ಲಿ ನಿಂತೇ ಇರಲಿಲ್ಲ. ಉತ್ತರ ಹೇಳುವ ಆಸೆ ತಡೆದುಕೊಂಡು, ‘ಯಾರು ತಂದಿರಬಹುದು?’ ಅಂತ ಅವರನ್ನೇ ಕೇಳಿದೆ. ‘ಪೇತ್ರ’ ಅಂದ ಒಬ್ಬ. ‘ಅವರಮ್ಮ ಕೊಟ್ಟು ಕಳಿಸಿರ್ತಾರೆ’ ಅಂದಳು ಇನ್ನೊಬ್ಬಳು. ಆಗ ತಾಂಡೇಲರ ಮಗ ಅಂದ: ‘ಅವರಿಗೆ ಸುಸ್ತಾಗಿತ್ತು ಅಕ್ಕೋರೆ. ನಮ್ಮಪ್ಪನೂ ಬಲೆ ಮೇಲೇ ಮಲಗಿಬಿಡ್ತಾರೆ.’

ದೇವರ ಮಗನಿಗೂ ನಮ್ಮಪ್ಪನ ಹಾಗೆ ದಣಿವಾಗುತ್ತದೆ ಅಂತ ಆ ಹುಡುಗನಿಗೆ ತಾನಾಗಿಯೇ ಹೊಳೆದಿತ್ತು. ನಾನು ಅದನ್ನು ಪಾಠ ಮಾಡಿರಲಿಲ್ಲ. ಅವನ ತಂದೆ ಅಲ್ಲೇ ಕೂತಿದ್ದರು, ಮಗನನ್ನೇ ನೋಡುತ್ತಿದ್ದರು. ಎರಡನೇ ವಾರ ಚಾಪೆಯನ್ನೇ ದೋಣಿ ಮಾಡಿ ಆಡಿದರು. ಮೂರನೇ ವಾರ ಬಾಯಿಪಾಠಕ್ಕೆ ಒಂದೇ ಸಾಲು, ಯೇಸುಸ್ವಾಮಿ ಸಮುದ್ರಕ್ಕೆ ಸುಮ್ಮನಿರು ಅಂದದ್ದು. ಆ ಸಾಲಿನ ಅರ್ಥ ಯಾರನ್ನೂ ಕೇಳಬೇಕಾಗಲಿಲ್ಲ.

ಈ ವರ್ಷ ಮೇ ತಿಂಗಳ ವಿ.ಬಿ.ಎಸ್. (ಮಕ್ಕಳ ರಜೆಯ ಬೈಬಲ್ ಶಾಲೆ) ನಮ್ಮ ಯುವಕರ ಸಂಘದ ಮೇಲೆ ಬಿದ್ದಿದೆ. ಒಂದೊಂದು ಕೋಣೆಯಲ್ಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದೇ ಇರಬೇಕು ಅಂತ ನಿಯಮ ಮಾಡಿದೆವು. ‘ನಮ್ಮ ಮೇಲೆ ಅನುಮಾನವಾ?’ ಅಂತ ಹಳೆಯ ಶಿಕ್ಷಕರು ಬೇಜಾರಾಗಿದ್ದಾರೆ.
— ಕುಮಟಾ

ನಿಯಮ ಸಡಿಲ ಮಾಡಬೇಡಿ. ಬೇಜಾರಾದವರ ಮನೆಗೆ ಹೋಗಿ ಚಹಾ ಕುಡಿದು ಮಾತಾಡಿ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ, ನಿಮಗೂ ರಕ್ಷಣೆ ಅನ್ನಿ. ಆದರೆ ಬಾಗಿಲು ಮಾತ್ರ ತೆರೆದೇ ಇರಲಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮರ್ಯಾದೆ ಅಂತ ಮುಚ್ಚಿಟ್ಟರೆ ಅದೂ ಅಪರಾಧ. 1098, ಮಕ್ಕಳ ಸಹಾಯವಾಣಿ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಬೇಡ ಅನ್ನಿಸಿದರೆ ಬೇಡ ಅಂತ ಹೇಳಬಹುದು, ಟೀಚರಿಗೂ ಹೇಳಬಹುದು’ ಅಂತ ಮೊದಲ ದಿನವೇ ಮಕ್ಕಳಿಗೆ ತಿಳಿಸಿ. ಹೆದರಿ ಕೂತ ಮಗುವಿಗೆ ನೀವು ಪ್ರೀತಿಯ ದೇವರ ಬಗ್ಗೆ ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ.

ಮೊಮ್ಮಗ ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ರಾತ್ರಿ ಪ್ರಾರ್ಥನೆ ಯಾವ ಭಾಷೆಯಲ್ಲಿ ಕಲಿಸಲಿ?
— ಒಬ್ಬ ಅಜ್ಜ, ಹೊನ್ನಾವರ

ಅವನು ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡಾಗ ಯಾವ ಭಾಷೆಯಲ್ಲಿ ಅಳುತ್ತಾನೋ ಆ ಭಾಷೆಯಲ್ಲಿ. ಕೊಂಕಣಿಯೇ ಇರಬೇಕು. ‘ಆಮ್ಚ್ಯಾ ಬಾಪಾ’ (ನಮ್ಮ ತಂದೆಯೇ) ಅಂತ ನಿಮ್ಮ ಜೊತೆ ಹೇಳಲಿ. ಕನ್ನಡದ ಪ್ರಾರ್ಥನೆ ಇಗರ್ಜಿಯಲ್ಲಿ ಹೇಗೂ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ) ಮುಂಚಿನ ಒಂಬತ್ತು ದಿನ ಮಾತೆಗೆ ಹೂವು ಒಯ್ಯುತ್ತೀರಲ್ಲ, ಆ ಹೂವು ಕೊಯ್ಯಲು ಅವನನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ. ಪೇಟೆಯಿಂದ ತಂದು ಕೈಗೆ ಕೊಡಬೇಡಿ. ಬೇಲಿಯ ದಾಸವಾಳ ಸಾಕು.

ನನ್ನ ಮಗನಿಗೆ ಏಳು ವರ್ಷ. ಶಿರೂರಿನಲ್ಲಿ ಗುಡ್ಡ ಬಿದ್ದ ಜಾಗ ಬಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಯಾರೋ ಹಿರಿಯರು ‘ಪಾಪ ಜಾಸ್ತಿಯಾದರೆ ದೇವರು ಹೀಗೆ ಶಿಕ್ಷೆ ಕೊಡ್ತಾನೆ’ ಅಂದರಂತೆ. ಅಂದಿನಿಂದ ರಾತ್ರಿ ಪ್ರಾರ್ಥನೆಗೆ ಬರುತ್ತಿಲ್ಲ. ‘ದೇವರು ಗುಡ್ಡ ಯಾಕೆ ಹಿಡೀಲಿಲ್ಲ?’ ಅಂತ ಕೇಳುತ್ತಾನೆ.
— ಒಬ್ಬ ತಾಯಿ, ಸದಾಶಿವಗಡ

ಆ ಮಾತು ಆಡಿದವರ ಮೇಲೆ ನನಗೆ ಸಿಟ್ಟು ಬಂದಿದೆ. ಸಿಟ್ಟು ಬಂದರೂ ಉತ್ತರ ಬೈಬಲ್ಲಿನಿಂದಲೇ ಕೊಡುತ್ತೇನೆ. ಲೂಕನ ಸುವಾರ್ತೆಯ ಹದಿಮೂರನೇ ಅಧ್ಯಾಯ ತೆಗೆಯಿರಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೋ ಅಂತ ಯೇಸುಸ್ವಾಮಿಯೇ ಕೇಳಿ, ಅಲ್ಲ ಅಂತ ತಾವೇ ಹೇಳುತ್ತಾರೆ. ಇದನ್ನು ಮಗನಿಗೆ ನೀವೇ ಓದಿ ಹೇಳಿ. ಆ ಹಿರಿಯರು ಹೇಳಿದ್ದು ಸರಿಯಲ್ಲ ಅಂತ ಸ್ಪಷ್ಟವಾಗಿ ಹೇಳಿ. ಹಿರಿಯರ ಮಾತು ತಪ್ಪು ಅನ್ನುವುದು ನಮ್ಮಲ್ಲಿ ಕಷ್ಟ. ಆದರೆ ಇಲ್ಲಿ ಮಗುವಿನ ನಂಬಿಕೆಯೇ ಅಲುಗುತ್ತಿದೆ.

2024ರ ಜುಲೈ 16ರ ಆ ಬೆಳಗ್ಗೆ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಚಹಾ ಅಂಗಡಿಯ ಸಂಸಾರ ಹೋಯಿತು. ನದಿಯ ಆಚೆ ದಡದ ಉಳುವರೆಯಲ್ಲಿ ಮನೆಗಳು ನೀರಿಗೆ ಕೊಚ್ಚಿಹೋದವು. ಆ ಕುಸಿತಕ್ಕೆ ಸಿಕ್ಕಿ ನದಿಯಲ್ಲಿ ಮುಳುಗಿದ್ದ ಲಾರಿಯೊಂದನ್ನು ಮೇಲೆ ತೆಗೆಯುವಾಗ ಸೆಪ್ಟೆಂಬರ್ 25 ಆಗಿತ್ತು. ಗುಡ್ಡ ಕುಸಿಯಲು ಕಾರಣ ಮಳೆ ಮತ್ತು ರಸ್ತೆಗಾಗಿ ಕಡಿದ ಗುಡ್ಡ ಅನ್ನುವುದನ್ನು ಏಳು ವರ್ಷದ ಮಗುವಿಗೂ ತಿಳಿಯುವ ಹಾಗೆ ಹೇಳಬಹುದು. ಮರಳಿನ ರಾಶಿಯ ಬುಡ ಕೆರೆದರೆ ಮೇಲಿನದು ಜಾರುವುದನ್ನು ಅವನು ಕಡಲ ದಂಡೆಯಲ್ಲಿ ನೋಡಿದ್ದಾನೆ.

ಆದರೆ ಅವನು ಕೇಳುತ್ತಿರುವುದು ಅದಲ್ಲ. ‘ಯಾಕೆ ಹಿಡೀಲಿಲ್ಲ?’ ಅನ್ನುವುದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ‘ನನಗೆ ಗೊತ್ತಿಲ್ಲ ಕಂದ, ನಾನೂ ದೇವರನ್ನು ಅದನ್ನೇ ಕೇಳ್ತೀನಿ’ ಅನ್ನಿ. ತಮ್ಮ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿ ಅತ್ತರು ಅಂತ ಯೋಹಾನ ಬರೆದಿದ್ದಾನೆ, ಅದನ್ನು ಹೇಳಿ. ಅಷ್ಟು ಹೇಳಿ ಸುಮ್ನೆ ಕೂತುಕೊಳ್ಳಿ. ಪ್ರಾರ್ಥನೆಗೆ ಬಾ ಅಂತ ಎಳೆಯಬೇಡಿ. ಅವನಿಗೆ ಕೇಳುವ ಹಾಗೆ, ಅವನ ಹಾಸಿಗೆಯ ಪಕ್ಕದಲ್ಲಿ ನೀವೇ ಎರಡು ಸಾಲು ಪ್ರಾರ್ಥಿಸಿ. ಕೀರ್ತನೆ 46ರಲ್ಲಿ ಬೆಟ್ಟಗಳು ಸಮುದ್ರಕ್ಕೆ ಬೀಳುವ ಮಾತೇ ಇದೆ. ಹಾಗಾದರೂ ನಾವು ಹೆದರುವುದಿಲ್ಲ ಅಂತ ಅದನ್ನು ಬರೆದವರು ಹೇಳಿದ್ದಾರೆ ಅಂತ ಅವನಿಗೆ ಗೊತ್ತಾಗಲಿ.

ಇನ್ನೊಂದು ವಿಷಯ, ಇದು ನಿಮ್ಮ ಮನೆಯ ಹತ್ತಿರದ್ದೇ. ಅದೇ ಮಳೆಗಾಲ, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತಲ್ಲ. ನಮ್ಮ ಮೀನುಗಾರರು ಆ ಕತ್ತಲಲ್ಲಿ ದೋಣಿ ತೆಗೆದುಕೊಂಡು ಹೋಗಿ ಚಾಲಕನನ್ನು ದಡಕ್ಕೆ ತಂದರು. ಇದು ಅವನ ಪ್ರಶ್ನೆಗೆ ಉತ್ತರ ಅಂತ ಹೇಳಬೇಡಿ, ಯಾಕೆಂದರೆ ಉತ್ತರ ಅಲ್ಲ. ಸಂಜೆ ಸೇತುವೆಯ ಹತ್ತಿರ ಕರೆದುಕೊಂಡು ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ಅವನು ಏನು ಕೇಳಿದ ಅಂತ ನನಗೆ ಬರೆಯಿರಿ. ಮುಂದಿನ ಸಾರಿ ಬಸ್ಸು ಶಿರೂರು ದಾಟುವಾಗ ಕಣ್ಣು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ನೀವು ಅವನ ಕೈ ಹಿಡಿದುಕೊಂಡಿರಿ.