ಅವ್ವನ ತಲೆಯ ಮೇಲಿನ ಸೆರಗು

ಬೆಳಗಾವಿಯಿಂದ ನೀವು ಬರೆದ ಪತ್ರವನ್ನು ಓದಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ವಿಜಯಪುರದ ಮನೆಯಲ್ಲಿ ಒಬ್ಬರೇ ಇರುವ ನಿಮ್ಮ ತಾಯಿ ಸಂಕ್ರಾಂತಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದರು. ಹೆದರಿದ ನೀವು ಪಡಸಾಲೆಗೆ ಕ್ಯಾಮೆರಾ ಹಾಕಿಸಿ ಮೊಬೈಲಿನಲ್ಲಿ ನೋಡುತ್ತಿದ್ದೀರಿ. ಪದವಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿರುವ ಮಗಳು ‘ಆಯಿಗೆ ಕೇಳೀರೇನು?’ ಎಂದು ಜಗಳ ತೆಗೆದಿದ್ದಾಳೆ. ಉದ್ದೇಶವೂ ಫಲವೂ ಒಳ್ಳೆಯದಿರುವಾಗ ತಪ್ಪೆಲ್ಲಿ ಎಂಬುದು ನಿಮ್ಮ ಪ್ರಶ್ನೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಪತ್ರದ ಕೊನೆಯಲ್ಲಿ ನೀವು ಸುಮ್ಮನೆ ಬರೆದುಬಿಟ್ಟ ಒಂದು ಸಾಲು: ‘ಅಕ್ಕನ ಗಂಡನ ಮೊಬೈಲಿನಲ್ಲೂ ಕಾಣುವುದರಿಂದ ಅವ್ವ ಈಗ ತಲೆಯ ಮೇಲಿನ ಸೆರಗು ಇಳಿಸುವುದಿಲ್ಲ.’ ವಿಜಯಪುರದ ಬೇಸಿಗೆಯಲ್ಲಿ, ತಮ್ಮದೇ ಮನೆಯಲ್ಲಿ, ಫ್ಯಾನಿನ ಕೆಳಗೆ ಒಬ್ಬರೇ ಕುಳಿತು ದೇವರ ಬತ್ತಿ ಹೊಸೆಯುವ ಹಿರಿಯ ಹೆಣ್ಣುಮಗಳು, ಅಳಿಯ ಯಾವ ಗಳಿಗೆಯಲ್ಲಿ ನೋಡುತ್ತಾನೋ ಎಂದು ದಿನವಿಡೀ ಸೆರಗು ಹೊತ್ತಿದ್ದಾರೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ 1791ರಲ್ಲಿ ಪ್ರಕಟಿಸಿದ ಪನಾಪ್ಟಿಕಾನ್ ಎಂಬ ಸೆರೆಮನೆಯ ಯೋಜನೆ ಇದನ್ನೇ ನೆಚ್ಚಿಕೊಂಡಿತ್ತು: ನಡುಗೋಪುರದಲ್ಲಿ ಕಾವಲುಗಾರನಿದ್ದಾನೋ ಇಲ್ಲವೋ ಎಂಬುದು ಕಾಣದ ಕೈದಿ, ಸದಾ ಇದ್ದಾನೆಂದೇ ಭಾವಿಸಿ ನಡೆದುಕೊಳ್ಳುತ್ತಾನೆ. ಫಲವನ್ನು ನೋಡಿ ತಪ್ಪು-ಒಪ್ಪು ತೂಗಬೇಕೆಂಬ ನಿಮ್ಮ ವಾದವೂ ಬೆಂಥಮ್‌ನದೇ ಆಗಿರುವುದರಿಂದ ಅದೇ ತಕ್ಕಡಿಯನ್ನು ಹಿಡಿಯೋಣ. ತಾಯಿ ಬಿದ್ದದ್ದು ಬಚ್ಚಲಲ್ಲಿ, ಕ್ಯಾಮೆರಾ ಇರುವುದು ಪಡಸಾಲೆಯಲ್ಲಿ. ಬಚ್ಚಲಿಗೆ ಒಂದು ಹಿಡಿಕೆಯನ್ನಾದರೂ ಹಾಕಿಸಿದ್ದೀರಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಇಲ್ಲಿಯವರೆಗೆ ಕ್ಯಾಮೆರಾದಿಂದ ದಕ್ಕಿದ್ದು ನಿಮ್ಮ ರಾತ್ರಿಯ ನಿದ್ದೆ. ಅದರ ಬೆಲೆ ತೆರುತ್ತಿರುವವರು ತಾಯಿ. ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದ ಮಾತು ನಿಮ್ಮ ಮನೆಯ ಪಡಸಾಲೆಗೂ ಸಲ್ಲುತ್ತದೆ.

ದೂರದ ಊರಿನಲ್ಲಿರುವ ಮಗನ ಹೆದರಿಕೆ ನನಗೆ ಅರ್ಥವಾಗುತ್ತದೆ. ನಿಮ್ಮ ಭಾವನವರನ್ನು ಮಾತ್ರ ನಾನು ಕ್ಷಮಿಸಲಾರೆ. ಅತ್ತೆಗೆ ಫೋನು ಮಾಡಿ ‘ಮಧ್ಯಾಹ್ನ ಬಂದಿದ್ದವರು ಯಾರು?’ ಎಂದು ವಿಚಾರಿಸುತ್ತಾರೆಂದು ನೀವೇ ಬರೆದಿದ್ದೀರಿ. ಓಣಿಯ ಹೆಣ್ಣುಮಕ್ಕಳು ಬರುವುದನ್ನು ಬಿಟ್ಟದ್ದು ಆಮೇಲೆಯೇ ಅಲ್ಲವೇ? ಹಿರಿಯರ ಹಿತ ಯಾವುದೆಂಬುದನ್ನು ಮೊದಲು ಹಿರಿಯರನ್ನೇ ಕೇಳಬೇಕೆಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ನಿಮ್ಮ ಮಗಳು ಅದನ್ನು ಎರಡೇ ಪದಗಳಲ್ಲಿ ಹೇಳಿಬಿಟ್ಟಿದ್ದಾಳೆ.

ಬರುವ ಭಾನುವಾರ ಮಗಳನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಿ, ಕ್ಯಾಮೆರಾ ಬಿಚ್ಚಿ ತಾಯಿಯವರ ಕೈಗೆ ಕೊಟ್ಟು, ಇದು ಬೇಕೋ ಬೇಡವೋ ಎಂದು ಕೇಳಿ. ಕೇಳುವಾಗ ಭಾವನವರು ಆ ಮನೆಯಲ್ಲಿ ಇರಬಾರದು.